ವಾರ್ಡನ್ ಕಪಾಟಿನ ಪಾಠ

ಮೊದಲ ದಿನ ನಾನು ನಲವತ್ತೊಂದು ಜನರನ್ನು ಕೊಂದು, ಮನೆಗೆ ಬಂದು ರೊಟ್ಟಿ ಬಡಿದೆ.

ಎಣಿಸಿದ್ದು ನಾನಲ್ಲ, ಯಂತ್ರ. ಬಲಗಡೆ ಮೂಲೆಯಲ್ಲಿ ಹಸಿರು ಅಂಕಿ ಏರುತ್ತಲೇ ಇತ್ತು. ರೊಟ್ಟಿ ಎಂದಿನ ಹಾಗೆಯೇ ಉಬ್ಬಿದವು. ಗಂಡ ಗುರುಪಾದ ನಾಲ್ಕು ತಿಂದ, ಮಗಳು ಇಂದ್ರವ್ವ ಎರಡು ತಿಂದಳು. ಇದನ್ನೆಲ್ಲ ಈಗ ಯಾಕೆ ಬರೆದಿಡುತ್ತಿದ್ದೇನೆಂದರೆ, ಆ ಕರಿ ಡಬ್ಬಿಗೆ ಇನ್ನು ಮುಂದೆ ಕೈಹಾಕುವವರು ಮೊದಲು ಇದನ್ನು ಓದಬೇಕು.

ನಮ್ಮೂರ ಹೆಸರು ಕೇಂದ್ರ. ಹಳೇ ಕಟ್ಟಡದ ಮೇಲೆ 'ಕೌಶಲ್ಯ ತರಬೇತಿ ಕೇಂದ್ರ' ಎಂದು ಇತ್ತಂತೆ, ಮೊದಲಿನ ಅಕ್ಷರಗಳೆಲ್ಲ ಉದುರಿ ಕೊನೆಯ ಪದವೊಂದು ಉಳಿಯಿತು. ಐವತ್ತೆರಡು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಕರೆಂಟು ಹೋಯಿತು, ಮತ್ತೆ ಬರಲಿಲ್ಲ. ಅದರ ಬೆನ್ನಿಗೇ ಜ್ವರ ಬಂತು. ಇದಕ್ಕೆ ನಾವು ನಿಲುಗಡೆ ಎನ್ನುತ್ತೇವೆ. ಬದುಕುಳಿದ ನೂರು ಚಿಲ್ಲರೆ ಜನ ಹೊಳೆದಂಡೆಯ ಈ ಕಟ್ಟಡಕ್ಕೆ ಬಂದು ಸೇರಿದರು. ಮಾಳಿಗೆಯ ಮೇಲೆ ಸೋಲಾರ್ ಹಲಗೆ, ಹಿತ್ತಲಲ್ಲಿ ಬೋರು, ಅಷ್ಟೇ ಆಸರೆ. ಡಾಕ್ಟರಿಲ್ಲ, ಎಂಜಿನಿಯರಿಲ್ಲ. ಆದರೆ ದೊಡ್ಡ ಹಾಲಿನಲ್ಲಿ ಕಲಿಸುವ ಯಂತ್ರಗಳಿದ್ದವು.

ಯಂತ್ರ ಎಂದರೆ ಕಣ್ಣಿಗೆ ಕಟ್ಟುವ ಒಂದು ಮುಖವಾಡ, ಕೈಗೆ ಒಂದು ಜೊತೆ ಗವಸು. ಮುಖವಾಡ ಹಾಕಿಕೊಂಡರೆ ಎದುರಿಗೆ ಮಂಚ, ಮಂಚದ ಮೇಲೆ ನರಳುವ ಬಸುರಿ. ಗವಸಿನೊಳಗೆ ಕೂದಲೆಳೆಯಂಥ ತಂತಿಗಳಿದ್ದು, ಅವು ಬೆರಳನ್ನು ಹಿಡಿದು ಎಳೆದು ದಾರಿ ತೋರಿಸುತ್ತವೆ. ಸೂಜಿ ತಪ್ಪಿದರೆ ಚುರ್ ಅನ್ನಿಸಿ, ಒಬ್ಬ ಹೆಂಗಸಿನ ಧ್ವನಿ ಹೇಳುತ್ತದೆ: 'ತಪ್ಪಾಗಿದೆ. ಮತ್ತೊಮ್ಮೆ ಪ್ರಯತ್ನಿಸಿ.' ಸರಿಯಾದರೆ, 'ಶಾಬಾಸ್. ಮುಂದಿನ ಪಾಠ.' ನೂರು ಸಲ, ಇನ್ನೂರು ಸಲ ಮಾಡಿದ ಮೇಲೆ ತಲೆಗೆ ಕೆಲಸವೇ ಇರುವುದಿಲ್ಲ, ಕೈ ತನ್ನಷ್ಟಕ್ಕೆ ಮಾಡುತ್ತದೆ. ಅದಕ್ಕೆ ನಮ್ಮಲ್ಲಿ 'ಕೈಗೆ ಬಂತು' ಎನ್ನುತ್ತಾರೆ. ಬೆಸುಗೆ, ಟ್ರ್ಯಾಕ್ಟರು, ಪಂಪು, ಬಾಣಂತನ, ಎಲ್ಲವೂ ನಮ್ಮ ಕೈಗೆ ಬಂದದ್ದು ಹೀಗೆ. ನಾನು ಅರವತ್ತಮೂರು ಕೂಸುಗಳನ್ನು ಹೊರಗೆ ತೆಗೆದಿದ್ದೇನೆ. ನನಗೆ ಕಲಿಸಿದವಳು ಆ ಧ್ವನಿಯ ಹೆಂಗಸು. ಅವಳ ಮುಖ ಹೇಗಿತ್ತೋ ಯಾರಿಗೂ ಗೊತ್ತಿಲ್ಲ.

ಹೊಸ ಪಾಠ ಸಿಕ್ಕರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಮೊದಲು ಒಬ್ಬರೇ ಅದನ್ನು ಕೊನೆಯವರೆಗೆ ಮುಗಿಸಬೇಕು, ಏನು ಕಂಡಿತೆಂದು ಸಭೆಗೆ ಹೇಳಬೇಕು, ಆಮೇಲೆ ಉಳಿದವರಿಗೆ ಕಲಿಸಬೇಕು. ಅವರನ್ನು ಮೊದಲ ಕೈ ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಮೊದಲ ಕೈ ನಾನೇ, ಫಕೀರವ್ವ. ಆ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಈ ಮಳೆಗಾಲ ಕಟ್ಟಡದ ಪಕ್ಕದ ಹಳೇ ಹಾಸ್ಟೆಲಿನ ಒಂದು ಗೋಡೆ ಕುಸಿಯಿತು. ಒಳಗೆ ವಾರ್ಡನ್ ಕೋಣೆ. ಅಲ್ಲಿ ಕಬ್ಬಿಣದ ಕಪಾಟು, ಅದಕ್ಕೆರಡು ಬೀಗ. ಬೀಗ ಒಡೆದರೆ ಸಿಕ್ಕಿದ್ದು ಅಂಗೈ ಅಗಲದ ಒಂದು ಕರಿ ಡಬ್ಬಿ, ಅದಕ್ಕೆ ಅಂಟಿಸಿದ ಚೀಟಿ. ಅಕ್ಷರ ಮಾಸಿರಲಿಲ್ಲ: 'ಪರೀಕ್ಷೆ ಮುಗಿಯುವ ತನಕ ಯಾರಿಗೂ ಕೊಡಕೂಡದು. ವಾರ್ಡನ್.'

ಯಂತ್ರಗಳನ್ನು ನೋಡಿಕೊಳ್ಳುವವರು ಮೌಲಾಸಾಬ ಕಾಕಾ. ನಿಲುಗಡೆಯ ಹೊತ್ತಿಗೆ ಅವರು ತೊಟ್ಟಿಲಲ್ಲಿದ್ದರು. ಹಳೇ ಕಾಲವನ್ನು ಬುದ್ಧಿ ಬಲಿತ ಮೇಲೆ ಕಂಡವರು ಈಗ ನಮ್ಮಲ್ಲಿ ಯಾರೂ ಉಳಿದಿಲ್ಲ. ಕಾಕಾ ಚೀಟಿಯನ್ನು ಮೂರು ಸಲ ಓದಿದರು.

"ನೋಡವಾ ಫಕೀರವ್ವ, ಪರೀಕ್ಷಾ ಮುಗಿಯೂತನಕ ಕೊಡಬಾರದು ಅಂತ ಬರದಾರ. ಅಂದ್ರ, ಎಲ್ಲಾ ಪಾಠ ಮುಗಿಸಿದವ್ರಿಗೆ ಮಾತ್ರ ಇದು. ಎರಡು ಬೀಗ ಬ್ಯಾರೆ! ಎಲ್ಲಾಕಿಂತ ದೊಡ್ಡ ಪಾಠ ಇದ ಇರಬೇಕು."

ನನಗೂ ಹಾಗೆಯೇ ಅನ್ನಿಸಿತು. ಬೇರೆ ಏನಾದರೂ ಅನ್ನಿಸುವುದಕ್ಕೆ ನಮ್ಮ ಹತ್ತಿರ ಬೇರೆ ಏನಿತ್ತು? ಈ ಕಟ್ಟಡದಲ್ಲಿ ಸಿಕ್ಕ ಪ್ರತಿಯೊಂದು ಪೆಟ್ಟಿಗೆಯೂ ನಮ್ಮ ಜೀವ ಉಳಿಸಿತ್ತು.

ಅದೇ ತಿಂಗಳು ಹೊಳೆಯ ಆಚೆ ದಂಡೆಯಲ್ಲಿ ಹೊಗೆ ಕಾಣಿಸಿತು. ಹೊರಗಿನವರು ನಮ್ಮ ಕಡೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಒಂದು ಮುಂಜಾನೆ ಆಚೆಯಿಂದ ಒಬ್ಬ ಹೆಂಗಸು ಕೂಗಿ ಹೇಳಿದಳು, ನಾವು ಎಂಟು ಜನ ಇದ್ದೇವೆ, ಹೊಳೆ ಇಳಿದ ಮೇಲೆ ಹುಣ್ಣಿಮೆಯ ಮರುದಿನ ಬರುತ್ತೇವೆ. ಯಾಕೆ ಎಂದು ಕೇಳಿದ್ದಕ್ಕೆ, "ಬಂದು ಹೇಳ್ತೀವ್ರಿ" ಎಂದಳು.

ಹುಣ್ಣಿಮೆಗೆ ಇಪ್ಪತ್ತು ದಿನವಿತ್ತು. ಕರಿ ಡಬ್ಬಿಯನ್ನು ಯಂತ್ರಕ್ಕೆ ಸಿಕ್ಕಿಸಿ ನಾನು ಮುಖವಾಡ ಕಟ್ಟಿಕೊಂಡೆ.

ಕಣ್ಣು ಬಿಟ್ಟರೆ ಹಾಳೂರು. ಆಕಾಶಕ್ಕೆ ಇಟ್ಟಂಗಿ ಪುಡಿಯ ಬಣ್ಣ. ಮಹಡಿಗಳು ಮಂಡಿಯೂರಿ ಬಿದ್ದಿವೆ, ಅಂಗಡಿಗಳ ಬಾಗಿಲು ಕಿತ್ತುಹೋಗಿವೆ, ರಸ್ತೆಗೆ ಅಡ್ಡವಾಗಿ ತುಕ್ಕು ಹಿಡಿದ ಬಸ್ಸು. ನಮ್ಮ ಗೇಟಿನ ಬಳಿ ನಿಂತಿರುವುದೂ ಅಂಥದೇ ಬಸ್ಸು. ನನ್ನ ಮೈ ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಎರಡು ಕೈ, ಅದರಲ್ಲಿ ಬಂದೂಕು.

ನಾನು ಬೆಚ್ಚಿಬಿದ್ದೆ. ಬಂದೂಕಿಗಲ್ಲ. ಈ ಡಬ್ಬಿ ಮಾಡಿದ್ದು ನಿಲುಗಡೆಗೆ ಮುಂಚೆ, ಒಳಗಿರುವುದು ನಿಲುಗಡೆಯ ನಂತರದ ಊರು! ಅಂದರೆ ಹಿರಿಯರಿಗೆ ಗೊತ್ತಿತ್ತು. ಹೀಗಾಗುತ್ತದೆಂದು ಗೊತ್ತಿದ್ದೇ, ಆಮೇಲೆ ಬದುಕುವವರಿಗಾಗಿ ಪಾಠ ಮಾಡಿ ಎರಡು ಬೀಗ ಹಾಕಿ ಇಟ್ಟಿದ್ದರು. ಮುಖವಾಡದೊಳಗೆ ನನಗೆ ಅಳು ಬಂತು. ಅಷ್ಟರಲ್ಲಿ ಬಸ್ಸಿನ ಎಡಗಡೆಯಿಂದ ಒಬ್ಬ ಹೊರಬಂದು ನನಗೆ ಗುಂಡು ಹೊಡೆದ.

ಎಲ್ಲ ಕೆಂಪಾಯಿತು. ಮತ್ತೆ ಮೊದಲಿನಿಂದ. ಸರಿ, ಇದು ನಮಗೆ ರೂಢಿಯೇ, ತಪ್ಪಿದರೆ ಮತ್ತೊಮ್ಮೆ ಪ್ರಯತ್ನಿಸಬೇಕು. ಈ ಸಲ ಅವನು ಹೊರಬರುವ ಮುಂಚೆಯೇ ನಾನು ಹೊಡೆದೆ. ಅವನು ಬಿದ್ದ. ನಾನು ಮೂರು ಉಸಿರು ಎಳೆಯುವಷ್ಟರಲ್ಲಿ ಅವನ ಹೆಣ ಕರಗಿ ಮಾಯವಾಯಿತು. ಅವನ ಗುಂಡುಗಳು, ಅನ್ನದ ಡಬ್ಬಿ ನೆಲದ ಮೇಲೆ ಉಳಿದವು. ಹೊರುವವರು ಬೇಡ, ಮಣ್ಣು ಕೊಡುವವರು ಬೇಡ.

ನನಗೆ ಅರ್ಥವಾಗದ್ದು ಬಹಳವಿತ್ತು. ಅಷ್ಟು ದೊಡ್ಡ ಊರು, ಅಷ್ಟು ಜನ, ಒಬ್ಬರೂ ಒಂದು ಮಡಿ ಮೆಂತ್ಯೆ ಹಾಕಿರಲಿಲ್ಲ. ಎಲ್ಲೂ ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಕೂಸುಗಳಿಲ್ಲ, ಮುದುಕಿಯರಿಲ್ಲ. ನನ್ನ ಮೈಗೆ ಮೂರು ಗುಂಡು ತಗುಲಿದರೆ, ಕೆಂಪು ಗುರುತಿನ ಒಂದು ಪೆಟ್ಟಿಗೆಯ ಮೇಲೆ ನಡೆದುಹೋದರೆ ಸಾಕು, ಗಾಯ ಮಾಯ! ತೊಳೆಯುವುದಿಲ್ಲ, ಹೊಲಿಯುವುದಿಲ್ಲ. ಬಾಣಂತನ ಕಲಿಸಿದ ಹೆಂಗಸು ಇದನ್ನು ನೋಡಿದ್ದರೆ ಗವಸಿನಿಂದಲೇ ಕಪಾಳಕ್ಕೆ ಬಿಗಿಯುತ್ತಿದ್ದಳು. ಇಲ್ಲಿ ಅವಳ ಧ್ವನಿ ಇರಲಿಲ್ಲ. ಯಾವನೋ ಒಬ್ಬ ಇಂಗ್ಲಿಷಿನಲ್ಲಿ ಗೊಗ್ಗರು ದನಿಯಲ್ಲಿ ಗದರುತ್ತಿದ್ದ.

ಮೂರನೇ ದಿನ ಒಂದು ಕೆಲಸ ಮಾಡಿದೆ. ಬಸ್ಸಿನ ಬಳಿ ಬಂದವನಿಗೆ ಗುಂಡು ಹೊಡೆಯದೆ ನನ್ನ ಹತ್ತಿರದ ನೀರಿನ ಡಬ್ಬಿ ಕೊಡೋಣವೆಂದು ನೋಡಿದೆ. ನಮ್ಮಲ್ಲಿ ಯಾರೇ ಬರಲಿ, ಮೊದಲು ನೀರು ಬೆಲ್ಲ. ಗವಸಿನ ಹನ್ನೆರಡು ಗುಂಡಿಗಳನ್ನೂ ಒಂದೊಂದಾಗಿ ಒತ್ತಿದೆ. ಹೊಡೆಯುವುದಕ್ಕೆ ಇತ್ತು, ಓಡುವುದಕ್ಕೆ ಇತ್ತು, ಬಗ್ಗುವುದಕ್ಕೆ ಇತ್ತು, ಬಿದ್ದದ್ದನ್ನು ಎತ್ತಿಕೊಳ್ಳುವುದಕ್ಕೆ ಇತ್ತು. ಕೊಡುವುದಕ್ಕೆ ಇರಲಿಲ್ಲ. ಬಂದೂಕನ್ನು ಕೆಳಗಿಡುವುದಕ್ಕೂ ಇರಲಿಲ್ಲ. ನಾನು ಹುಡುಕುತ್ತ ನಿಂತಿರುವಾಗ ಅವನು ನನ್ನನ್ನು ಕೊಂದ.

ಈಗ ನಾಚಿಕೆಗೇಡಿನ ಮಾತೊಂದನ್ನು ಬರೆಯಬೇಕು. ನನಗೆ ಅದು ಹಿಡಿಸಿತು. ಬಾಣಂತನದ ಪಾಠದಲ್ಲಿ ಎಂದೂ ಆಗದ ಒಂದು ಬಿಸಿ ಮೈಯೊಳಗೆ ಏರುತ್ತಿತ್ತು. ನಾಳೆ ಬೆಳಗಾಗಲಿ, ಆ ಸೇತುವೆ ದಾಟುತ್ತೇನೆ ಎಂದುಕೊಂಡೇ ಮಲಗುತ್ತಿದ್ದೆ. ಹತ್ತನೇ ದಿನಕ್ಕೆ ಹಸಿರು ಅಂಕಿ ಎಂಟುನೂರು ದಾಟಿತ್ತು.

ಮನೆಯಲ್ಲಿ ಮೊದಲು ಗೊತ್ತಾದದ್ದು ಗುರುಪಾದನಿಗೆ. ಅವನು ಕೇಂದ್ರದ ಅಡಿಗೆಮನೆ ನೋಡಿಕೊಳ್ಳುವವನು, ಮಾತು ಕಡಿಮೆ. ಒಂದು ಮಧ್ಯಾಹ್ನ ನಾನು ಒಲೆಯ ಮುಂದೆ ಕೂತಿದ್ದಾಗ ಹಿಂದಿನಿಂದ ಬಂದು ಬುಟ್ಟಿಯ ರೊಟ್ಟಿಗೆ ಕೈಹಾಕಿದ. ನಾನು ತಿರುಗಿದ್ದು ನನಗೇ ಗೊತ್ತಾಗಲಿಲ್ಲ. ಕಾದ ಹಂಚಿನಿಂದ ಎತ್ತಿದ, ರೊಟ್ಟಿ ಮಗುಚುವ ಚುಂಚುಗ ಅವನ ಕಣ್ಣಿಗೆ ನಾಲ್ಕು ಬೆರಳು ಈಚೆ ನಿಂತಿತ್ತು.

ಅವನು ಅಲುಗಾಡಲಿಲ್ಲ. ಮೆಲ್ಲಗೆ ನನ್ನ ಕೈ ಕೆಳಗಿಳಿಸಿದ.

"ಏನಾತು ನಿನಗ? ಒಳಗ ಬರೂವಾಗ ಗ್ವಾಡಿ ಹಿಡದು ಬರತಿ, ಮೂಲಿ ಮೂಲಿ ನೋಡತಿ. ಬಾಗಲಕ್ಕ ಬೆನ್ನ ಕೊಟ್ಟು ಕುಂಡ್ರೂದ ಬಿಟ್ಟೀ. ನಿನ್ನ ನೋಡಿ ಕೂಸೂ ಹಂಗ ಮಾಡಾಕತ್ತೈತಿ."

"ಪಾಠ ಕೈಗೆ ಬರಾಕತ್ತೈತಿ," ಎಂದೆ.

"ಇಂಥಾ ಪಾಠ ನನಗ ಸೇರೂದಿಲ್ಲ ಫಕೀರವ್ವ. ಬಾಣಂತನ ಕಲೀವಾಗ ನೀ ನಿದ್ದಿಗಣ್ಣಾಗ ನನ್ನ ಹೊಟ್ಟಿ ಸವರತಿದ್ದಿ. ಆವಾಗ ನಗು ಬರತಿತ್ತು."

ನಾನು ರೇಗಿದೆ. ಅಡಿಗೆಮನೆಯವನಿಗೆ ಹಿರಿಯರ ಪಾಠದ ಆಳ ಏನು ಗೊತ್ತು ಎಂದೂ ಅಂದುಬಿಟ್ಟೆ. ಅವನು ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ಜಗಲಿಯ ಮೇಲೆ ಕೂತು ಉಂಡ. ಆ ಮಾತನ್ನು ಇವತ್ತಿಗೂ ನನಗೆ ನುಂಗಲಾಗಿಲ್ಲ.

ಹುಣ್ಣಿಮೆಗೆ ಎರಡು ದಿನವಿರುವಾಗ ಒಂಬತ್ತೂ ಹಂತ ಮುಗಿಸಿ ಸಭೆಯ ಮುಂದೆ ನಿಂತೆ. ಕಂಡದ್ದನ್ನೆಲ್ಲ ಹೇಳಿದೆ. ಹಾಳೂರು, ಅಡ್ಡಬಿದ್ದ ಬಸ್ಸು, ಎದುರಾದವರೆಲ್ಲ ಹೊಡೆಯುವವರೇ, ಮೊದಲು ಹೊಡೆದವನು ಮಾತ್ರ ಉಳಿಯುತ್ತಾನೆ. ಕೊಡುವ ಗುಂಡಿ ಇಲ್ಲವೆಂಬುದನ್ನು ಹೇಳಬೇಕೆಂದು ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗುಂಡಿ ನನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೇ ಇರಬಹುದು, ಹಾಗೆಂದರೆ ಮೊದಲ ಕೈಯ ಮರ್ಯಾದೆ ಏನು ಉಳಿಯಿತು ಎಂದು ಸುಮ್ಮನಾದೆ.

ಮೌಲಾಸಾಬ ಕಾಕಾ ಗಡ್ಡ ನೀವಿಕೊಂಡರು. "ಹಿರ್ಯಾರು ಸುಮ್ಮನ ಮಾಡಿರೂದಿಲ್ಲ. ಹೊರಗಿನವ್ರು ಹ್ಯಾಂಗಿರತಾರ ಅನ್ನೂದು ಅವ್ರಿಗೆ ಗೊತ್ತಿತ್ತು."

ಗುರುಪಾದ ಎದ್ದು ನಿಂತ. ಸಭೆಯಲ್ಲಿ ಅವನು ಮಾತಾಡಿದ್ದು ಅದೇ ಮೊದಲು. "ಬಂದವ್ರಿಗೆ ನೀರು ಬೆಲ್ಲ ಕೊಡೂದು ನಮಗ ಯಾವ ಯಂತ್ರಾನೂ ಕಲಿಸಿಲ್ರಿ. ಅದನ್ನ ಬಿಡೂದಾದ್ರ ನನ್ನ ಕೇಳಬ್ಯಾಡ್ರಿ."

ಕೊನೆಗೆ ಎರಡನ್ನೂ ಮಾಡುವುದೆಂದಾಯಿತು. ಗುರುಪಾದ ತಂಬಿಗೆ, ಬೆಲ್ಲದ ತಟ್ಟೆ ಹಿಡಿದು ಮುರುಕು ಸೇತುವೆಯ ಈಚೆ ತುದಿಯಲ್ಲಿ ನಿಲ್ಲುವುದು. ನಾನು ಹಿಂದೆ ಗೇಟಿನ ಗೋಡೆಯ ಮೇಲೆ. ಕಾವಲುಗಾರನ ಕೋಣೆಯಲ್ಲಿ ಸಿಕ್ಕ ಹಳೇ ಜೋಡುನಳಿಗೆ ಬಂದೂಕು ನಮ್ಮಲ್ಲಿತ್ತು, ಹನ್ನೊಂದು ಕಾಡತೂಸೂ ಇದ್ದವು. ಹಂದಿ ಓಡಿಸಲು ಹಿಂದೊಮ್ಮೆ ಹಾರಿಸಿದಾಗ ಐದರಲ್ಲಿ ಎರಡು ಸಿಡಿದಿದ್ದವು. ಸಿಡಿಯುವುದೇ ಅನುಮಾನ, ಬರೀ ತೋರಿಸಲಿಕ್ಕೆ ಎಂದು ಎಲ್ಲರೂ ಅಂದರು. ನಾನೂ ಅಂದೆ.

ಅವರು ಬಂದದ್ದು ಬಿಸಿಲೇರಿದ ಮೇಲೆ. ಸೇತುವೆಯ ಮೇಲೆ ಒಬ್ಬೊಬ್ಬರಾಗಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಬಂದರು. ಎಣಿಸಿದೆ, ಏಳು. ಎಂಟು ಎಂದಿದ್ದರಲ್ಲ? ಮತ್ತೆ ಎಣಿಸಿದೆ, ಏಳೇ. ಏಳನೇ ಹಂತದಲ್ಲಿ ಹೀಗೇ ಇದೆ. ಮುಂದಿನಿಂದ ಕೆಲವರು ಕೈಬೀಸಿಕೊಂಡು ಬರುತ್ತಾರೆ, ಒಬ್ಬ ಸುತ್ತಿಕೊಂಡು ಪಕ್ಕದಿಂದ ಬರುತ್ತಾನೆ.

ನಮ್ಮ ಬಸ್ಸಿನ ಎಡಗಡೆ ಒಂದು ನೆರಳು ಅಲುಗಿತು. ಬಳಿಕ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಏನೋ ಮಿಂಚಿತು.

ನಾನು ಹೊಡೆಯಬೇಕೆಂದು ತೀರ್ಮಾನಿಸಲಿಲ್ಲ. ಇದನ್ನು ಓದುವವರು ನಂಬಲಿ ಬಿಡಲಿ. ಸದ್ದು ಕೇಳಿದ ಮೇಲೆಯೇ ನನಗೆ ಗೊತ್ತಾದದ್ದು, ಬೆರಳು ತನ್ನ ಕೆಲಸ ಮುಗಿಸಿತ್ತು. ಕಾಡತೂಸು ಸಿಡಿದಿತ್ತು.

ಅವನು ಬಿದ್ದ. ನಾನು ಬಂದೂಕು ಹಿಡಿದು ಕಾದೆ. ಒಂದು ಉಸಿರು. ಎರಡು. ಮೂರು.

ಅವನು ಮಾಯವಾಗಲಿಲ್ಲ.

ನಾಲ್ಕು, ಐದು. ಆರನೇ ಉಸಿರಿಗೆ ಅವನು, "ಯವ್ವಾ, ನೀರು..." ಎಂದ. ಕರಿ ಡಬ್ಬಿಯೊಳಗೆ ಬಿದ್ದವರು ಯಾರೂ ಯಾವತ್ತೂ ಏನನ್ನೂ ಕೇಳಿರಲಿಲ್ಲ. ಗೋಡೆಯಿಂದ ಹೇಗೆ ಇಳಿದೆನೋ, ಹಾರಿದೆನೋ ಬಿದ್ದೆನೋ ತಿಳಿಯದು. ಹತ್ತಿರ ಹೋದರೆ ಮುದುಕ. ಎಪ್ಪತ್ತು ದಾಟಿದ ನರಪೇತಲ ಮುದುಕ. ತೊಡೆಯ ಒಳಭಾಗ ಹರಿದು ರಕ್ತ ಚಿಮ್ಮುತ್ತಿತ್ತು. ಅವನ ಕೈಯಲ್ಲಿ ಮಿಂಚಿದ್ದು ಒಂದು ಕೀಲಿಕೈ. ಅದಕ್ಕೆ ಕಟ್ಟಿದ್ದ ತಗಡಿನ ಬಿಲ್ಲೆಯ ಮೇಲೆ '14' ಎಂದಿತ್ತು.

ಅದೇ ಕೈಗಳು ಆಗ ಬೇರೆ ಪಾಠ ನೆನಪಿಸಿಕೊಂಡವು. ತೊಡೆಸಂದಿಯಲ್ಲಿ ಮುಷ್ಟಿ ಊರಿ ಒತ್ತಿ ಹಿಡಿದೆ, ಸೀರೆ ಹರಿದು ಬಿಗಿದೆ. ಗೇಟಿನ ಬಳಿಯಿದ್ದ ನಾಲ್ವರು ಅವನನ್ನು ಹಾಲಿಗೆ ಎತ್ತಿಕೊಂಡು ಬಂದರು, ನಾನು ಒತ್ತಿದ ಕೈ ಬಿಡದೆ ಜೊತೆಗೇ ಓಡಿದೆ. ಯಂತ್ರದ ಮೇಜಿನ ಮೇಲೆ ಮಲಗಿಸಿದೆವು. ಮೌಲಾಸಾಬ ಕಾಕಾ ಅವನ ಬಾಯಿಗೆ ನೀರು ಬಿಟ್ಟರು. ಕುಡಿದು ಕಣ್ಣು ತೆರೆದ. ಹೆಸರು ಕೇಳಿದೆ. ಅಭಿಷೇಕ ಎಂದ.

"ಹಿಂದಿನ ಸಂದ್ಯಾಗಿಂದ ಯಾಕ ಬಂದ್ರಿ ಯಣ್ಣಾ? ಸೇತುವಿ ಮ್ಯಾಲಿಂದ ಯಾಕ ಬರಲಿಲ್ಲ?" ನಾನು ಕೇಳಲಿಲ್ಲ, ಕಿರುಚಿದೆ.

"ಕಂಪೌಂಡಿಗೆ ಒಂದು ಕಿಂಡಿ ಇತ್ತವಾ... ಹಾಸ್ಟೆಲ್ ಹುಡುಗ್ರು ಸಿನಿಮಾಕ್ಕ ಹೋಗತಿದ್ವಿ. ಇನ್ನೂ ಐತೇನು ನೋಡೂಣು ಅಂತ." ಅವನು ನಗಲು ನೋಡಿದ. "ಇಲ್ಲೇ ಓದೀನಿ ನಾ. ಹದಿನಾಲ್ಕನೇ ರೂಮು. ಕೀಲಿ ತೋರಿಸಿದ್ರ ನೀವು ನಂಬತೀರಿ ಅಂತ ಕೈ ಎತ್ತಿದ್ನಿ."

ನನ್ನ ಮುಷ್ಟಿಯ ಕೆಳಗೆ ಅವನ ನಾಡಿ ತೆಳ್ಳಗಾಗುತ್ತಿತ್ತು.

"ನನ್ನ ಮಗಳು ಮೂರನೇ ಬಸರು," ಎಂದ. "ಎರಡು ಕೂಸು ಹೊಟ್ಟ್ಯಾಗ ಹೋದುವು. ಇಲ್ಲಿ ಬಾಣಂತನ ಕಲಿಸೂ ಮಶೀನ್ ಇತ್ತು ಅಂತ ನೆಪ್ಪಿತ್ತು. ಯಾರರೆ ಕಲತವ್ರು ಇರಬಹುದು ಅಂತ..."

ಮಾತು ಅಲ್ಲಿಗೆ ನಿಂತಿತು. ಅವನ ಕಣ್ಣು ಪಕ್ಕದ ಕಟ್ಟೆಯ ಮೇಲೆ ನೆಟ್ಟಿತ್ತು. ಅಲ್ಲಿ ಕರಿ ಡಬ್ಬಿ ಇತ್ತು, ಚೀಟಿ ಸಮೇತ. ನಾವು ಅದಕ್ಕೆ ಒಂದು ಹೂವನ್ನೂ ಇಟ್ಟಿದ್ದೆವು.

"ಅದು ನಂದು!" ಎಂದ. ಆ ಮುಖದಲ್ಲಿ ಒಮ್ಮೆಲೆ ಹದಿನೆಂಟರ ಹುಡುಗ ಬಂದು ಹೋದ. "ವಾರ್ಡನ್ ಕಸಗೊಂಡಿದ್ರು. ಪರೀಕ್ಷಾ ಹತ್ರ ಬಂದೈತಿ, ಓದೂದು ಬಿಟ್ಟು ಇದನ್ನ ಆಡಕೋತ ಕುಂಡ್ರತಿ ಅಂತ ಬೈದು... ಪರೀಕ್ಷಾ ಮುಗದ ಮ್ಯಾಲೆ ಕೊಡತೀನಿ ಅಂದಿದ್ರು. ಅಷ್ಟ್ರಾಗ ಕರೆಂಟ್ ಹೋತು."

ಮೌಲಾಸಾಬ ಕಾಕಾ ನೀರಿನ ಲೋಟ ಕೆಳಗಿಟ್ಟರು. "ಆಡೂದಂದ್ರ?" ಎಂದರು. "ಏನ ಆಡೂದು?"

"ಆಟ ತಮ್ಮಾ. ಅದು ಆಟ. ಹೊತ್ತ ಕಳಿಯಾಕ."

ಆಟ ನಮಗೂ ಗೊತ್ತು. ಇಂದ್ರವ್ವ ಕುಂಟಾಬಿಲ್ಲೆ ಆಡುತ್ತಾಳೆ. ಶ್ರಾವಣದಲ್ಲಿ ಹೆಂಗಸರು ಚೌಕಾಬಾರ ಹಾಸಿ ಕೂಗಾಡುತ್ತೇವೆ. ಒಂದು ಊರನ್ನೇ ಹಾಳುಮಾಡಿ, ಅದರಲ್ಲಿ ಜನರನ್ನು ತುಂಬಿ, ಹೊಟ್ಟೆ ತುಂಬ ಉಂಡು ನೀರು ಕರೆಂಟು ಎಲ್ಲ ಇದ್ದ ಕಾಲದಲ್ಲಿ ಕೂತು, ಹೊತ್ತು ಕಳೆಯಲು ಅವರನ್ನು ಒಬ್ಬೊಬ್ಬರನ್ನಾಗಿ ಹೊಡೆಯುವುದು! ನನ್ನ ತಲೆಯೊಳಗೆ ಆ ಮಾತು ಹೋಗಲೇ ಇಲ್ಲ.

ಅಭಿಷೇಕ ನನ್ನ ಮುಖ ನೋಡಿದ. ನೋಡಿದ, ತನ್ನ ತೊಡೆ ನೋಡಿಕೊಂಡ, ಮತ್ತೆ ಡಬ್ಬಿ ನೋಡಿದ. ಅವನಿಗೆ ಎಲ್ಲವೂ ತಿಳಿದುಹೋಯಿತು. ಸಿಟ್ಟು ಮಾಡುತ್ತಾನೆಂದುಕೊಂಡೆ. ಮಾಡಿದ್ದರೆ ಚೆನ್ನಾಗಿತ್ತು.

"ಎಷ್ಟನೇ ಹಂತದ ತನಕ ಹ್ವಾದಿ ತಂಗಿ?" ಎಂದ.

"ಒಂಬತ್ತೂ ಮುಗಿಸೀನಿ."

"ನನಗ ಏಳು ದಾಟಾಕ ಆಗಿರಲಿಲ್ಲ. ಪಕ್ಕದಿಂದ ಒಬ್ಬಾಂವ ಬರತಿದ್ದ." ಉಸಿರು ತುಂಡಾಗುತ್ತಿತ್ತು. "ಕಡೀಕ ಏನೈತಿ?"

ಒಂಬತ್ತನೇ ಹಂತದ ಕೊನೆಗೆ ಎಲ್ಲರೂ ಸತ್ತಿರುತ್ತಾರೆ. ಕತ್ತಲಾಗಿ, ಯಾರ್ಯಾರದೋ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ಆಮೇಲೆ ಅದೇ ಇಟ್ಟಂಗಿ ಬಣ್ಣದ ಆಕಾಶ, ಅದೇ ಬಸ್ಸು.

"ಏನೂ ಇಲ್ರಿ ಯಣ್ಣಾ. ಮತ್ತ ಮೊದಲಿಂದ ಶುರು ಆಕ್ಕೈತಿ."

ಅವನು ತಲೆ ಆಡಿಸಿದ ಹಾಗೆ ಕಂಡಿತು. ಸ್ವಲ್ಪ ಹೊತ್ತಿಗೆ ನನ್ನ ಮುಷ್ಟಿಯ ಕೆಳಗಿದ್ದ ಮಿಡಿತ ನಿಂತಿತು. ನಾನು ಒತ್ತುವುದನ್ನು ಬಿಡಲಿಲ್ಲ. ಆ ಹೆಂಗಸಿನ ಧ್ವನಿಗಾಗಿ ಕಾಯುತ್ತಿದ್ದೆ. ಮತ್ತೊಮ್ಮೆ ಪ್ರಯತ್ನಿಸಿ ಎಂದು ಹೇಳುತ್ತಾಳೆ, ಹೇಳಿದೊಡನೆ ಗೋಡೆಯ ಮೇಲೆ ಹೋಗಿ ಕೂರುತ್ತೇನೆ, ಅವನು ಕೈಯೆತ್ತುತ್ತಾನೆ, ನಾನು ಸುಮ್ಮನಿರುತ್ತೇನೆ. ಹಾಲಿನಲ್ಲಿ ಯಾವ ಧ್ವನಿಯೂ ಬರಲಿಲ್ಲ. ಕೊನೆಗೆ ಕಾಕಾನೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಕೈ ತೊಳೆದುಕೊಳ್ಳದೆ ಹೊರಗೆ ಬಂದೆ. ಸೇತುವೆಯ ಈಚೆ ಬಂದವರನ್ನು ಗುರುಪಾದ ಬೇವಿನ ನೆರಳಲ್ಲಿ ಕೂರಿಸಿದ್ದ. ಗುಂಡಿನ ಸದ್ದು ಏನೆಂದು ಅವರು ಕೇಳಿದ್ದಕ್ಕೆ, ಹಂದಿ ಓಡಿಸಿದರು ಎಂದಿದ್ದನಂತೆ, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವನು ಸುಳ್ಳು ಹೇಳಿದ್ದು ನನಗೆ ಗೊತ್ತಿರುವ ಮಟ್ಟಿಗೆ ಅದೊಂದೇ ಸಲ.

ಆ ದಿನ ಹೊಳೆಯಾಚೆಯಿಂದ ಕೂಗಿದ್ದ ಹೆಂಗಸು ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ತುಂಬಿದ ಹೊಟ್ಟೆ. ದೂರದಿಂದಲೇ ನನಗೆ ಗೊತ್ತಾಯಿತು, ಕೂಸು ಅಡ್ಡ ತಿರುಗಿದೆ, ಇನ್ನು ಎಂಟು ಹತ್ತು ದಿನ ಇರಬಹುದು, ಈ ಕೈಗಳಲ್ಲದೆ ಅದನ್ನು ಹೊರತೆಗೆಯುವವರು ಈ ಹೊಳೆಯ ಎರಡೂ ದಂಡೆಯಲ್ಲಿ ಇಲ್ಲ. ಅವಳ ಅಂಗೈಯಲ್ಲಿ ಬೆಲ್ಲದ ಚೂರು ಇನ್ನೂ ಹಾಗೇ ಇತ್ತು. ಅಪ್ಪ ಬರಲಿ, ಒಟ್ಟಿಗೇ ಬಾಯಿಗೆ ಹಾಕಿಕೊಳ್ಳೋಣ ಎಂದು ಹಿಡಿದುಕೊಂಡಿದ್ದಳು.

ನನ್ನನ್ನು ನೋಡಿ ನಕ್ಕಳು. ಆಮೇಲೆ ನನ್ನ ಕೈಗಳನ್ನು ನೋಡಿದಳು.

"ನಮ್ಮಪ್ಪ ಎಲ್ಲದಾನ್ರಿ?" ಎಂದು ಕೇಳಿದಳು.

ನಮ್ಮ ಹಾಲಿನಲ್ಲಿ ಹದಿನೇಳು ಯಂತ್ರಗಳಿವೆ. ಇದಕ್ಕೆ ಏನು ಹೇಳಬೇಕೆಂದು ಅವುಗಳಲ್ಲಿ ಒಂದೂ ನನಗೆ ಕಲಿಸಿರಲಿಲ್ಲ.